ಮೊಸರನ್ನು ನಂಬಿದ ಮೆಚ್ನಿಕಾಫ್

ಮೈಸೂರಿನ ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಮಜ್ಜಿಗೆಯಿಲ್ಲದೆ ಊಟ ಮುಗಿಯುವುದಿಲ್ಲ. ಆಹಾರಶಾಸ್ತ್ರಕ್ಕೂ ನಮ್ಮ ಬಡಾವಣೆಗೂ ನಂಟುಂಟು; 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವೆಂಬ ಹೆಸರಿನಿಂದ ಆರಂಭವಾದ ಸಂಸ್ಥೆಯ ನೆಲೆ ಇಲ್ಲಿಯೇ. ಆದರೂ ಕರುಳಿನ ಅಣುಜೀವಿಗಳಿಗೂ ಮನುಷ್ಯನ ರಕ್ತನಾಳಗಳಿಗೂ ಸಂಬಂಧ ಕಲ್ಪಿಸಿ, ತನ್ನ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡ ಈಲ್ಯಾ ಮೆಚ್ನಿಕಾಫನ ಹೆಸರನ್ನು ನನ್ನ ಸಹಪಾಠಿಗಳಲ್ಲಿ ಅನೇಕರು ಕೇಳಿಲ್ಲ. ಆ ಕೊರತೆಯನ್ನು ತುಸುವಾದರೂ ತುಂಬಬೇಕೆಂಬುದೇ ನನ್ನ ಉದ್ದೇಶ.

ಅವನು 1845ರಲ್ಲಿ, ಈಗ ಉಕ್ರೇನಿಗೆ ಸೇರಿದ ಖಾರ್ಕಿವ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದನು. ನಾಲ್ಕು ವರ್ಷಗಳ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಪೂರೈಸಿದನು. (ನಮ್ಮಲ್ಲಿ ಕೆಲವರು ಇದರ ವಿಲೋಮವನ್ನು ಸಾಧಿಸುತ್ತಿರುವುದು ಬೇರೆ ಮಾತು.)

ಸುಖ ಮಾತ್ರ ಅವನಿಗೆ ಸುಲಭವಾಗಿ ದಕ್ಕಲಿಲ್ಲ. 1869ರಲ್ಲಿ ಅವನ ಕೈಹಿಡಿದ ಲುಡ್ಮಿಲಾ ಕ್ಷಯದಿಂದ ಎಷ್ಟು ಬಳಲಿದ್ದಳೆಂದರೆ, ವಧುವನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತುತರಬೇಕಾಯಿತು. 1873ರಲ್ಲಿ ಆಕೆ ಮಡೀರಾ ದ್ವೀಪದಲ್ಲಿ ತೀರಿಕೊಂಡಳು. ದುಃಖವನ್ನು ತಾಳಲಾರದೆ ಪ್ರಾಣ ಬಿಡಲು ಯತ್ನಿಸಿದ ಮೆಚ್ನಿಕಾಫನು ಹೇಗೋ ಬದುಕುಳಿದನು. ಮುಂದೆ ಓಲ್ಗಾಳನ್ನು ವರಿಸಿದನು. ಆಕೆಯೂ ವಿಷಮಶೀತ ಜ್ವರಕ್ಕೆ ಸಿಕ್ಕಿ ಪಾರಾದಳು. ಆ ವೇಳೆಗೇ ಅವನನ್ನು ಹೃದಯದ ತೊಂದರೆ ಕಾಡತೊಡಗಿತ್ತು.

1882ರಲ್ಲಿ ಇಟಲಿಯ ಮೆಸ್ಸಿನಾದ ಕಡಲ ತೀರದಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಅವನು ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಮರುದಿನ ನೋಡಿದರೆ, ಚಲಿಸುವ ಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು! ದೇಹದ ಕಣಗಳೇ ಶತ್ರುವನ್ನು ನುಂಗಿ ಕಾಯುತ್ತವೆಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಇದಕ್ಕಾಗಿಯೇ 1908ರಲ್ಲಿ ಪೌಲ್ ಎರ್ಲಿಕ್‌ನೊಡನೆ ನೊಬೆಲ್ ಬಹುಮಾನ ದೊರೆಯಿತು.

ಇಷ್ಟರೊಳಗೆ, 1888ರಲ್ಲಿಯೇ, ಅವನು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯನ್ನು ಸೇರಿದ್ದನು. ಮುಪ್ಪೇಕೆ ಬರುತ್ತದೆ? ರಕ್ತನಾಳಗಳೇಕೆ ಗಡಸಾಗುತ್ತವೆ? ದೊಡ್ಡ ಕರುಳಿನಲ್ಲಿ ಉಳಿದ ಆಹಾರವನ್ನು ಅಣುಜೀವಿಗಳು ಕೊಳೆಯಿಸುತ್ತವೆ. ಆಗ ಹುಟ್ಟುವ ವಿಷಗಳು ರಕ್ತವನ್ನು ಸೇರಿ ಧಮನಿಗಳನ್ನು ಕೆಡಿಸುತ್ತವೆ ಎಂಬುದು ಅವನ ಉತ್ತರ. ಹಾಲನ್ನು ಹುಳಿಯಾಗಿಸುವ ಜೀವಿಗಳ ಆಮ್ಲವು ಈ ಕೊಳೆತವನ್ನು ತಡೆಯುವುದೆಂದು ಅವನು ನಂಬಿದನು. ಮೊಸರುಣ್ಣುವ ಬಲ್ಗೇರಿಯದ ರೈತರ ದೀರ್ಘಾಯುಷ್ಯವನ್ನು ಉದಾಹರಿಸಿದನು. ತಾನೂ ಹುಳಿಹಾಲನ್ನು ನಿತ್ಯ ಸೇವಿಸಿದನು. ಯೂರೋಪಿಗೆಲ್ಲ ಮೊಸರಿನ ಹುಚ್ಚು ಹಿಡಿಯಿತು. ಅತ್ತ ಲಂಡನ್ನಿನಲ್ಲಿ ಆರ್ಬತ್‌ನಟ್ ಲೇನ್ ಎಂಬ ಶಸ್ತ್ರವೈದ್ಯನು ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದನು! ಮಜ್ಜಿಗೆಯೇ ಲೇಸೆಂದು ನನಗೆ ತೋರುತ್ತದೆ.

ಬಲ್ಗೇರಿಯದ ಆ ಜೀವಿ ಮನುಷ್ಯನ ಕರುಳಿನಲ್ಲಿ ನೆಲೆಯೂರದೆಂದು 1921ರ ಹೊತ್ತಿಗೆ ಅಮೆರಿಕದ ರೆಟ್ಗರ್ ಮತ್ತು ಚೆಪ್ಲಿನ್ ತೋರಿಸಿದರು. ದೊಡ್ಡ ಕರುಳು ನಿರುಪಯುಕ್ತವೆಂಬ ಅವನ ಮಾತೂ ನಿಲ್ಲಲಿಲ್ಲ. ವಿದ್ವಾಂಸರು ಅವನ ಮುಪ್ಪಿನ ವಾದವನ್ನು ಬದಿಗೊತ್ತಿದರು. ಹಾಗೆಂದು ಪೂರ್ತಿ ನಗುವಂತೆಯೂ ಇಲ್ಲ. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಟಾನ್ಲಿ ಹೇಝೆನ್ ಮತ್ತು ಸಂಗಡಿಗರು, ಮೊಟ್ಟೆ ಮಾಂಸಗಳಲ್ಲಿರುವ ಕೋಲೀನನ್ನು ಕರುಳಿನ ಅಣುಜೀವಿಗಳು ಒಂದು ಅನಿಲವನ್ನಾಗಿ ಮಾರ್ಪಡಿಸುವುದನ್ನೂ, ಯಕೃತ್ತು ಅದನ್ನು ಟಿಎಂಎಓ ಎಂಬ ವಸ್ತುವನ್ನಾಗಿಸುವುದನ್ನೂ, ಇಲಿಗಳಲ್ಲಿ ಅದರಿಂದ ಧಮನಿಗಳು ಕೆಡುವುದನ್ನೂ ವರ್ಣಿಸಿದರು. 2013ರಲ್ಲಿ 4,007 ಜನರನ್ನು ಮೂರು ವರ್ಷ ಗಮನಿಸಿದಾಗ, ರಕ್ತದಲ್ಲಿ ಆ ವಸ್ತು ಹೆಚ್ಚಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಮರಣಗಳ ಅಪಾಯವೂ ಹೆಚ್ಚೆಂದು ಕಂಡಿತು. ಅದೇ ಕಾರಣವೋ ಬರಿಯ ಸೂಚನೆಯೋ ಎಂಬ ಚರ್ಚೆ ಮುಗಿದಿಲ್ಲ. ಮೊಸರಿನಿಂದ ಹೃದಯ ಉಳಿದೀತೆಂದೂ ಇದರಿಂದ ಸಿದ್ಧವಾಗದು. ಆದರೆ ಕರುಳಿನ ಜೀವಿಗಳ ಕೈ ಧಮನಿಯವರೆಗೆ ಚಾಚಬಹುದೆಂಬ ಅವನ ಊಹೆ ಮತ್ತೆ ಪ್ರಯೋಗಶಾಲೆಯನ್ನು ಹೊಕ್ಕಿದೆ.

1914ರ ಮಹಾಯುದ್ಧವು ಅವನ ತರುಣ ಸಹಾಯಕರನ್ನು ಸೆಳೆದೊಯ್ದಿತು. ಹೃದಯ ಸೋಲುತ್ತ ಬಂತು. ತಾನು ಸತ್ತ ಮೇಲೆ ತನ್ನ ಕರುಳನ್ನು ಚೆನ್ನಾಗಿ ಪರೀಕ್ಷಿಸಬೇಕೆಂದು ವೈದ್ಯಮಿತ್ರನನ್ನು ಕೇಳಿಕೊಂಡನು. 1916ರ ಜುಲೈ ತಿಂಗಳಿನಲ್ಲಿ, 71ನೆಯ ವಯಸ್ಸಿನಲ್ಲಿ, ಹೃದ್ರೋಗದಿಂದಲೇ ಕಾಲವಾದನು. ಅವನ ಚಿತಾಭಸ್ಮದ ಕಲಶವನ್ನು ಪಾಸ್ಚರ್ ಸಂಸ್ಥೆಯ ಪುಸ್ತಕಭಂಡಾರದಲ್ಲಿ ಇರಿಸಲಾಯಿತು.