ನರಗುಂದದ ಬಾಬಾಸಾಹೇಬ



ಅಮೇರಿಕಾ ದೇಶ ಇಂಗ್ಲಿಷರ ವಿರುದ್ಧ ಎದ್ದ ಪಾಠ ನಾವೆಲ್ಲ ಓದೇವಿ. ತಮ್ಮನ್ನು ಕೇಳದೆ ತೆರಿಗೆ ಹಾಕಿದರು ಅಂತ ಅಲ್ಲಿಯವರು 1773ರಲ್ಲಿ ಬೋಸ್ಟನ್ ಬಂದರದಾಗ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಚೆಲ್ಲಿದರು. 1775ರ ಏಪ್ರಿಲ್ 19ರಂದು ಇಂಗ್ಲಿಷ್ ಸೈನಿಕರು ಕಾಂಕರ್ಡ್ ಊರಿನ ಆಯುಧ ಕಸಿಯಲು ಹೋದಾಗ ಗುಂಡು ಹಾರಿ ಯುದ್ಧವೇ ಸುರುವಾಯಿತು. ಇದನ್ನು ಓದುವಾಗ ನನಗೆ ನಮ್ಮ ಸೀಮೆಯ ನರಗುಂದದ ನೆನಪಾಯಿತು. ಇಲ್ಲಿಯೂ ಜಗಳದ ಮೂಲ ಅದೇ: ಹಕ್ಕು ಮತ್ತು ಆಯುಧ.

ನರಗುಂದ ಒಂದು ಸಣ್ಣ ಸಂಸ್ಥಾನ. ಅದರ ಅರಸರು ಭಾಸ್ಕರರಾವ್ ಭಾವೆ. ಜನ ಅವರನ್ನು ಬಾಬಾಸಾಹೇಬ ಅಂತ ಕರೆದರು. ಅವರು ವಿದ್ಯಾವಂತರು. ಅವರ ವಾಡೆಯಲ್ಲಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಇತ್ತು. ಗುಡ್ಡದ ಮೇಲೆ ಗಟ್ಟಿ ಕೋಟೆ ಇತ್ತು. ಆದರೆ ಗಾದಿಗೆ ವಾರಸುದಾರ ಇರಲಿಲ್ಲ. ದತ್ತು ತಗೊಳ್ಳಲು ಅಪ್ಪಣೆ ಕೇಳಿದರೆ ಕಂಪನಿಯವರು ಒಲ್ಲೆ ಅಂದರು. 1824ರಲ್ಲಿ ಕಿತ್ತೂರು, 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಇದೇ ದತ್ತಕದ ತಕರಾರಿನಲ್ಲಿ ಸಿಕ್ಕಿದ್ದವು. ಇನ್ನು ನಮ್ಮ ಪಾಳಿ ಅಂತ ಬಾಬಾಸಾಹೇಬರಿಗೆ ತಿಳಿಯದೇ ಇದ್ದೀತೇ? ಅದರ ಜೊತೆಗೆ 1852ರ ಇನಾಮ್ ಕಮೀಷನ್ ಬಹಳ ಮಂದಿಯ ಇನಾಮು ಹೊಲ ಕಸಿದು ಸಿಟ್ಟು ಹೆಚ್ಚಿಸಿತ್ತು.

1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಎಲ್ಲರೂ ಆಯುಧ ಒಪ್ಪಿಸಬೇಕು ಅಂತ ಹುಕುಂ ಆಯಿತು. ನಮ್ಮ ಮುಧೋಳ ಕಡೆಯ ಹಲಗಲಿ ಬೇಡರು ಕೊಡೂದಿಲ್ಲ ಅಂದರು. ನವೆಂಬರ್ ತಿಂಗಳದಾಗ ಕಂಪನಿ ದಂಡು ಹಲಗಲಿಗೆ ಬೆಂಕಿ ಹಚ್ಚಿತು. ಡಿಸೆಂಬರದಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು.

ಬಾಬಾಸಾಹೇಬರು ಎದ್ದದ್ದು 1858ರ ಮೇ ಕೊನೆಗೆ. ಅದೇ ಹೊತ್ತಿಗೆ ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆ ಹಿಡಿದರು. ಮೇ 29ರ ರಾತ್ರಿ ಬಾಬಾಸಾಹೇಬರ ಮಂದಿ ಸುರೇಬಾನದಲ್ಲಿ ತಂಗಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಅವನ ತಲೆ ನರಗುಂದದ ಅಗಸಿಯಲ್ಲಿ ತೂಗಿತು. ನಾಲ್ಕು ದಿನ ಕಳೆಯುವುದರೊಳಗೆ ಕಂಪನಿ ದಂಡು ಊರು, ಕೋಟೆ ಎರಡನ್ನೂ ಹಿಡಿಯಿತು. ಕೊಪ್ಪಳದಲ್ಲಿ ಭೀಮರಾಯರು ಹೋರಾಡಿ ಮಡಿದರು. ಬಾಬಾಸಾಹೇಬರು ಸೆರೆ ಸಿಕ್ಕರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭಾ ಹೊಳೆಗೆ ಬಿದ್ದು ಪ್ರಾಣ ಬಿಟ್ಟರು. ವಾಡೆ ಲೂಟಿಯಾಗಿ ಗ್ರಂಥಗಳೂ ಹಾಳಾದವು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಮ್ಯಾನ್ಸನ್‌ನ ಕೊಲೆ ಸರಿಯೋ ತಪ್ಪೋ ಅಂತ ನಮ್ಮ ಕ್ಲಾಸಿನಾಗ ಎರಡು ಗುಂಪು ಆಗ್ಯಾವ. ರಾತ್ರಿ ತಂಗಿದವನ ಮೇಲೆ ಬೀಳುವುದನ್ನು ಶೌರ್ಯ ಅನ್ನಲು ನನಗೆ ಮನಸ್ಸು ಬರೂದಿಲ್ಲ. ಆದರೆ ಹಲಗಲಿಯನ್ನು ಸುಟ್ಟವರು ನ್ಯಾಯ ಹೇಳಲು ಬಂದರೆ ಅದನ್ನೂ ಒಪ್ಪಲಾರೆ. ಅರ್ಜಿ ಕೊಟ್ಟವನಿಗೆ ಎಲ್ಲ ಬಾಗಿಲು ಮುಚ್ಚಿದರೆ ಅವನು ಏನು ಮಾಡಬೇಕು?

ಸೋಲಿಗೆ ಕಾರಣ ಏನು ಅಂತ ನಾನು ಬಹಳ ವಿಚಾರ ಮಾಡಿದೆ. ಅಮೇರಿಕಾದಲ್ಲಿ 13 ವಸಾಹತುಗಳು ಕೂಡಿ ನಿಂತವು, ಫ್ರಾನ್ಸ್ ದೇಶವೂ ಕೈಗೂಡಿಸಿತು. ನಮ್ಮಲ್ಲಿ ಹಲಗಲಿ ಒಂದೇ ಹೋರಾಡಿ ಸುಟ್ಟುಹೋಯಿತು. ಆರು ತಿಂಗಳ ಮ್ಯಾಲೆ ನರಗುಂದ ಎದ್ದಾಗ ದಿಲ್ಲಿ, ಝಾನ್ಸಿ ಆಗಲೇ ಬಿದ್ದಿದ್ದವು. ರಾಮದುರ್ಗದ ಅರಸರು ಬಾಬಾಸಾಹೇಬರ ಸಂಬಂಧಿಕರೇ ಆದರೂ ಕಂಪನಿಯ ಕಡೆ ಉಳಿದರು. ಒಂದೊಂದೇ ಕಟ್ಟಿಗೆ ಮುರಿಯುವುದು ಸಸಾರ, ಹೊರೆ ಮುರಿಯುವುದು ಕಷ್ಟ.

ಬಾಬಾಸಾಹೇಬರು ಗೆಲ್ಲಲಿಲ್ಲ ಖರೆ. ಆದರೆ ತಲೆ ತಗ್ಗಿಸಿ ಉಳಿಯುವ ದಾರಿ ಕಣ್ಣ ಮುಂದೆ ಇದ್ದರೂ ಅದನ್ನು ಹಿಡಿಯಲಿಲ್ಲ. ಗೆಳೆಯರೇ, ಬಸ್ಸಿನಲ್ಲಿ ನರಗುಂದ ದಾಟುವಾಗ ಆ ಗುಡ್ಡವನ್ನು ಒಮ್ಮೆ ನೋಡಿರಿ. ನನ್ನ ಮಾತು ಒಪ್ಪದವರು ನಿಮ್ಮ ಉತ್ತರ ಬರೆದು ಇದರ ಪಕ್ಕಕ್ಕೇ ಅಂಟಿಸಿರಿ.