ಜಾನ್ ಜಿ. ಕೆಮೆನಿ

ಜಾನ್ ಜಾರ್ಜ್ ಕೆಮೆನಿ (31 ಮೇ 1926 – 26 ಡಿಸೆಂಬರ್ 1992) ಹಂಗೇರಿ ಮೂಲದ ಅಮೆರಿಕದ ಗಣಿತಜ್ಞರು. ಥಾಮಸ್ ಕರ್ಟ್ಜ್ ಅವರೊಡನೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರೆಂದು ಪ್ರಸಿದ್ಧರಾಗಿದ್ದಾರೆ. ಗ್ರಾಫ್ ತೋರಿಸುವ ಕ್ಯಾಲ್ಕುಲೇಟರುಗಳಲ್ಲಿ ವಿದ್ಯಾರ್ಥಿಗಳು ಬರೆಯುವ ಸರಳ ಪ್ರೋಗ್ರಾಮುಗಳ ಮೇಲೆ ಈ ಭಾಷೆಯ ಪ್ರಭಾವವಿದೆ.

ಆರಂಭಿಕ ಜೀವನ

ಕೆಮೆನಿಯವರು ಬುಡಾಪೆಸ್ಟ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. 1940ರಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಹೋಯಿತು. ದೇಶ ಬಿಡಲೊಪ್ಪದ ಅವರ ತಾತ ನಾಜಿಗಳ ನರಮೇಧದಲ್ಲಿ ಮಡಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಲಾಸ್ ಅಲಾಮೋಸ್‌ನ ಗಣನ ವಿಭಾಗದಲ್ಲಿ ರಂಧ್ರಪತ್ರ ಯಂತ್ರಗಳೊಡನೆ ಕೆಲಸ ಮಾಡಿದರು. ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಆ ಅವಧಿಯಲ್ಲಿ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿದ್ದರು.

ಬೇಸಿಕ್ ಭಾಷೆ

1953ರಲ್ಲಿ ಕೆಮೆನಿಯವರು ಡಾರ್ಟ್‌ಮತ್ ಕಾಲೇಜನ್ನು ಸೇರಿದರು. ಅಂದು ಪ್ರೋಗ್ರಾಮನ್ನು ರಂಧ್ರಪತ್ರಗಳಲ್ಲಿ ಸಿದ್ಧಪಡಿಸಿ ನಿರ್ವಾಹಕರಿಗೆ ಒಪ್ಪಿಸಿ, ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಒಂದು ಸಣ್ಣ ತಪ್ಪಿದ್ದರೂ ಮತ್ತೆ ಮೊದಲಿನಿಂದ ಕಾಯುವುದು ಅನಿವಾರ್ಯವಾಗಿತ್ತು. ಗಣಕಯಂತ್ರವು ತಜ್ಞರಿಗಷ್ಟೇ ಮೀಸಲಾಗಬಾರದು, ಸಾಹಿತ್ಯ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಅದನ್ನು ಬಳಸಲು ಕಲಿಯಬೇಕು ಎಂಬುದು ಕೆಮೆನಿ ಮತ್ತು ಕರ್ಟ್ಜ್ ಅವರ ನಿಲುವಾಗಿತ್ತು.

ಅದಕ್ಕಾಗಿ ಹಲವರು ಏಕಕಾಲದಲ್ಲಿ ಬಳಸಬಹುದಾದ ಸಮಯ ಹಂಚಿಕೆ ವ್ಯವಸ್ಥೆಯನ್ನೂ, ಕೆಲವೇ ಆದೇಶಗಳ ಸುಲಭ ಭಾಷೆಯನ್ನೂ ಅವರು ರೂಪಿಸಿದರು. 1 ಮೇ 1964ರ ನಸುಕಿನಲ್ಲಿ ಬೇಸಿಕ್ ಪ್ರೋಗ್ರಾಮುಗಳು ಮೊದಲ ಬಾರಿಗೆ ನಡೆದವು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ವರ್ಗವನ್ನು ಮುದ್ರಿಸಲು ಫಾರ್, ಪ್ರಿಂಟ್, ನೆಕ್ಸ್ಟ್, ಎಂಡ್ ಎಂಬ ನಾಲ್ಕು ಸಾಲುಗಳೇ ಸಾಕಾಗಿದ್ದವು. ಕಾಲೇಜಿನ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಬಳಕೆಯು ಗ್ರಂಥಾಲಯದಂತೆ ಉಚಿತವಾಗಿತ್ತು.

ಪ್ರಭಾವ

1984ರಲ್ಲಿ ಆರಂಭವಾದ ಭಾರತ ಸರ್ಕಾರದ ಕ್ಲಾಸ್ ಯೋಜನೆಯಡಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಗಣಕಯಂತ್ರಗಳಲ್ಲಿ ಬೇಸಿಕ್ ಅಳವಡಿಸಲಾಗಿತ್ತು. 1985ರಲ್ಲಿ ಬೆಂಗಳೂರು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಅಭಿವೃದ್ಧಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1990ರಲ್ಲಿ ಟಿಐ-81 ಎಂಬ ಗ್ರಾಫ್ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. ಇಂತಹ ಕ್ಯಾಲ್ಕುಲೇಟರುಗಳ ಪ್ರೋಗ್ರಾಮಿಂಗ್ ಭಾಷೆ ಟಿಐ-ಬೇಸಿಕ್ ಎಂದೇ ಪ್ರಚಲಿತವಾಯಿತು. ಇಫ್, ಗೋಟೂ ಮೊದಲಾದ ಆದೇಶಗಳು ಅದರಲ್ಲೂ ಇವೆ. ಸಾಲಿನ ಸಂಖ್ಯೆಗಳ ಬದಲು ಗುರುತುಪಟ್ಟಿಗಳನ್ನು ಬಳಸಲಾಗುತ್ತದೆ.

ನಂತರದ ಜೀವನ

ಕೆಮೆನಿಯವರು 1970ರಿಂದ 1981ರವರೆಗೆ ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾಗಿದ್ದರು. ಅವರ ಅವಧಿಯಲ್ಲಿ, 1972ರಿಂದ, ಪದವಿ ತರಗತಿಗಳಿಗೆ ಮಹಿಳೆಯರ ಪ್ರವೇಶ ಆರಂಭವಾಯಿತು. 1979ರ ತ್ರೀ ಮೈಲ್ ಐಲೆಂಡ್ ಅಣುಸ್ಥಾವರ ಅಪಘಾತದ ತನಿಖಾ ಆಯೋಗಕ್ಕೂ ಅವರೇ ಅಧ್ಯಕ್ಷರು. ಮೈಕ್ರೊ ಗಣಕಯಂತ್ರಗಳಲ್ಲಿ ಹರಡಿದ್ದ ಬೇಸಿಕ್‌ನ ಮೊಟಕುಗೊಂಡ, ಪರಸ್ಪರ ಹೊಂದದ ರೂಪಗಳು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಹೀಗಾಗಿ 1980ರ ದಶಕದಲ್ಲಿ ಕರ್ಟ್ಜ್ ಅವರೊಡನೆ ಟ್ರೂ ಬೇಸಿಕ್ ಎಂಬ ಪರಿಷ್ಕೃತ ಆವೃತ್ತಿಯನ್ನು ಹೊರತಂದರು. 1992ರಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ನಿಧನರಾದರು.