ಬೆರಳ ಸಂದಿಯ ಬೆಳಕು: ಎಸ್.ಎಲ್. ಹಲ್ದಂಕರ್

ಮೈಸೂರಿಗೆ ಪ್ರವಾಸ ಹೋದವರು ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಯುವತಿಯ ಚಿತ್ರ ನೋಡಿರುತ್ತಾರೆ. ಹಲವರು ಅದನ್ನು ರಾಜಾ ರವಿವರ್ಮರದೆಂದೇ ತಿಳಿದಿದ್ದಾರೆ. ಅದನ್ನು ಬರೆದವರು ಸಾವಳಾರಾಮ ಲಕ್ಷ್ಮಣ ಹಲ್ದಂಕರ್.

1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಸ್ವಂತ ಚಿತ್ರಕಲಾ ಶಾಲೆ ತೆರೆದರು. 1918ರಲ್ಲಿ ಸ್ಥಾಪನೆಯಾದ ಆರ್ಟ್ ಸೊಸೈಟಿ ಆಫ್ ಇಂಡಿಯಾದ ಸಂಸ್ಥಾಪಕರಲ್ಲಿ ಅವರೂ ಒಬ್ಬರು. 1968ರಲ್ಲಿ ನಿಧನರಾದರು.

ಆ ಚಿತ್ರಕ್ಕೆ ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ತೈಲವರ್ಣದಲ್ಲೋ ಪೇಸ್ಟಲ್‌ನಲ್ಲೋ ತಪ್ಪಾದರೆ ಮೇಲೆ ಇನ್ನೊಂದು ಪದರ ಹಚ್ಚಿ ತಿದ್ದಬಹುದು. ಹಲ್ದಂಕರ್ ಆರಿಸಿಕೊಂಡದ್ದು ಜಲವರ್ಣ. ಅದರಲ್ಲಿ ಬೆಳಕನ್ನು ಆಮೇಲೆ ಹಚ್ಚಲಾಗದು. ಬೆಳಕು ಬೀಳುವ ಜಾಗವನ್ನು ಮೊದಲೇ ಯೋಚಿಸಿ, ಅಲ್ಲಿ ಬಣ್ಣ ತೆಳುವಾಗಿಡಬೇಕು, ಕಾಗದದ ಬಿಳುಪನ್ನು ಉಳಿಸಬೇಕು. ಹೀಗಾಗಿಯೇ ಜ್ಯೋತಿಗೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಹೊಳೆಯುತ್ತವೆ, ಆ ಬೆಳಕು ಮುಖದವರೆಗೂ ಏರುತ್ತದೆ.

ಗಾಳಿಗೆ ಆರದಂತೆ ಅಂಗೈ ಮರೆಮಾಡಿ ಕಾಯ್ದ ಆ ದೀಪವೇ ಭರವಸೆಯ ಸಂಕೇತ. ಮುಂದಿನ ಸಲ ಮೈಸೂರಿಗೆ ಹೋದಾಗ ಆ ಚಿತ್ರದ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ. ಜೊತೆಗಿದ್ದವರಿಗೆ ಕಲಾವಿದರ ನಿಜವಾದ ಹೆಸರನ್ನೂ ಹೇಳಿ. ಶ್ರಮ ಯಾರದೋ ಹೆಸರೂ ಅವರದೇ ಆಗಿರಬೇಕಲ್ಲವೇ?